ಜರುಗಿದ್ದು ಧರೆಯೋ, ಗಾಡಿಯ ಲೆಕ್ಕವೋ? ಹೊಸನಗರದ ಒಂದು ಕಾಡುರಸ್ತೆಯ ಪ್ರಕರಣ

ಹೊಸನಗರ ತಾಲ್ಲೂಕಿನ ಒಂದು ಕಾಡುರಸ್ತೆಯ ತಿರುವಿನಲ್ಲಿ ಎತ್ತರದ ಧರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ಇದೆ. ಅದರ ಎದುರಿಗೆ, ರಸ್ತೆಯಿಂದ ಕೆಳಗೆ, ಎರಡು ಮನೆಗಳಿವೆ. ಈ ರಸ್ತೆಯನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಲೇಸರ್ ಯಂತ್ರ ಕಟ್ಟಿದ ಗಾಡಿಯಿಂದ ಅಳೆದಿದ್ದರು. ಎರಡೂ ಅಳತೆಗಳನ್ನು ಹೋಲಿಸಿ ಒಂದು ವರದಿ ಬಂತು. ಮನೆಗಳ ಎದುರಿನ ಧರೆ ಸುಮಾರು 40 ಸೆಂಟಿಮೀಟರ್ ರಸ್ತೆಯ ಕಡೆಗೆ ಜರುಗಿದೆ ಎಂದು ಅದರಲ್ಲಿತ್ತು. ಅಂದರೆ ಹತ್ತಿರ ಹತ್ತಿರ ಒಂದು ಮೊಳ. ನಕ್ಷೆಯಲ್ಲಿ ಆ ಜಾಗಕ್ಕೆ ಕಡುಗೆಂಪು ಬಣ್ಣ ಹಚ್ಚಿತ್ತು.

ಒಂದು ಮೊಳ ಜರುಗಿದ ಧರೆ ಮುಂದಿನ ಪುನರ್ವಸು, ಪುಷ್ಯ ಮಳೆಗೆ ನಿಲ್ಲುವುದು ಕಷ್ಟ. ಮನೆಯವರನ್ನು ಬೇರೆ ಕಡೆ ಕಳಿಸಬೇಕು ಎನ್ನುವ ಮಾತು ಶುರುವಾಯಿತು. ತೋಟ, ಕೊಟ್ಟಿಗೆ, ದನಕರು ಎಲ್ಲ ಬಿಟ್ಟು ಹೋಗುವುದು ಸುಮ್ನೆ ಮಾತಲ್ಲ. ಹಾಗೆಂದು ವರದಿ ನಿಜವಾಗಿದ್ದರೆ ಅಲ್ಲೇ ಉಳಿಯುವುದೂ ಸರಿಯಲ್ಲ. ಆ ಡೇಟಾವನ್ನು ಮತ್ತೊಮ್ಮೆ ನೋಡಿ ಎಂದು ನಮ್ಮ ಕೈಗೆ ಕೊಟ್ಟರು. ನಾವು ಶಿವಮೊಗ್ಗದಲ್ಲಿ ಸರ್ವೆ ಡೇಟಾದ ಕೆಲಸ ಮಾಡುವ ಸಣ್ಣ ತಂಡ. ವರದಿ ಮಾಡಿದವರ ಹೆಸರು, ರಸ್ತೆಯ ಹೆಸರು ಇಲ್ಲಿ ಬೇಡ. ಏನಾಯಿತು, ಅದನ್ನು ಹೇಗೆ ಪತ್ತೆ ಮಾಡಿದೆವು ಎನ್ನುವುದು ಮುಖ್ಯ. ಇದೇ ತರಹದ ನಕ್ಷೆಗಳು ಈಗ ಮಲೆನಾಡಿನ ಎಲ್ಲಾ ಕಡೆ ಬರುತ್ತಿವೆ.

ಜಾಗ ಎಂಥದ್ದು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದವು. ಅವುಗಳ ಜೊತೆ ಹಳೆಯ ದಾರಿಗಳೂ ಹೋದವು. ಆಮೇಲೆ ಗುಡ್ಡದ ಮಗ್ಗುಲು ಕಡಿದು ಮಾಡಿದ ರಸ್ತೆಗಳೇ ಇಲ್ಲಿ ಜಾಸ್ತಿ. ಗುಡ್ಡ ಕಡಿದಾಗ ಒಂದು ಬದಿಗೆ ನಿಲ್ಲುವ ಮಣ್ಣಿನ ಗೋಡೆಯೇ ಧರೆ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಜಂಬಿಟ್ಟಿಗೆ ನೀರನ್ನು ಒಳಗೆ ಬಿಡುತ್ತದೆ, ಶೇಡಿ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಶೇಡಿ ನೆನೆದರೆ ಬಲ ಕಳೆದುಕೊಳ್ಳುತ್ತದೆ. ಧರೆ ಕುಸಿಯುವುದು ಹೀಗೆ. ಮಳೆಯ ವಿಷಯ ಹೇಳುವುದೇ ಬೇಡ. ಇಲ್ಲಿಗೆ ದೂರವಲ್ಲದ ಆಗುಂಬೆಯಲ್ಲಿ ವರ್ಷದ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ. ಹುಲಿಕಲ್ ಕಡೆಯೂ ಹಾಗೆಯೇ ಹೊಯ್ಯುತ್ತದೆ.

ನಮ್ಮ ರಸ್ತೆಯ ಎರಡೂ ತುದಿಗಳಲ್ಲಿ ಅಡಿಕೆ ತೋಟ ಮತ್ತು ಗದ್ದೆ ಬಯಲು. ಅಲ್ಲಿ ಆಕಾಶ ಚೆನ್ನಾಗಿ ಕಾಣುತ್ತದೆ. ನಡುವಿನ ಸುಮಾರು ಎರಡು ಕಿಲೋಮೀಟರ್ ದಟ್ಟ ಕಾನು. ಮರಗಳು ರಸ್ತೆಯ ಮೇಲೆ ಎರಡೂ ಕಡೆಯಿಂದ ಕೂಡಿಕೊಂಡಿವೆ. ಬೇಸಿಗೆಯ ನಡು ಮಧ್ಯಾಹ್ನವೂ ಬಿಸಿಲು ನೆಲಕ್ಕೆ ಬೀಳುವುದು ಕಡಿಮೆ. ಮನೆಗಳ ತಿರುವು ಈ ಭಾಗದ ಸರಿಸುಮಾರು ಮಧ್ಯದಲ್ಲಿದೆ.

ಗಾಡಿ ಹೇಗೆ ಅಳೆಯುತ್ತದೆ

ಗಾಡಿಯ ಮೇಲಿನ ಲೈಡಾರ್ ಯಂತ್ರ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ಬಿಡುತ್ತದೆ. ಬೆಳಕು ಹೋಗಿ, ಎದುರಿನದಕ್ಕೆ ತಾಗಿ, ವಾಪಸ್ ಬರಲು ಹಿಡಿದ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. ಈ ಅಳತೆ ಬಹಳ ಚೊಕ್ಕ. ಹತ್ತಿರದ ಧರೆಗೆ ಒಂದೆರಡು ಸೆಂಟಿಮೀಟರಿಗಿಂತ ಜಾಸ್ತಿ ತಪ್ಪುವುದಿಲ್ಲ.

ಆದರೆ ಅದು ಯಂತ್ರದಿಂದ ಧರೆಗೆ ಇರುವ ದೂರ ಮಾತ್ರ. ಧರೆ ಭೂಮಿಯ ಮೇಲೆ ಎಲ್ಲಿದೆ ಎಂದು ಹೇಳಬೇಕಾದರೆ ಆ ಕ್ಷಣದಲ್ಲಿ ಯಂತ್ರ ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು, ಎಷ್ಟು ವಾಲಿತ್ತು ಎನ್ನುವುದೂ ಗೊತ್ತಿರಬೇಕು. ಮುಖದ ದಿಕ್ಕು ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ 30 ಮೀಟರ್ ದೂರದಲ್ಲಿ 5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಯಂತ್ರ ನಿಂತ ಜಾಗ ತಪ್ಪಿದರೆ ಅಷ್ಟೂ ತಪ್ಪು ನೇರವಾಗಿ ಧರೆಯ ಮೇಲೆ ಬೀಳುತ್ತದೆ.

ಜಾಗ ತಿಳಿಯಲು ಜಿಪಿಎಸ್ ಮತ್ತು ಅದರಂಥ ಬೇರೆ ಉಪಗ್ರಹಗಳ ಸಂಕೇತ ಬೇಕು. ಬಯಲಿನಲ್ಲಿ, ಪಕ್ಕದಲ್ಲಿ ಒಂದು ಬೇಸ್ ಸ್ಟೇಷನ್ (ಗೊತ್ತಿರುವ ಜಾಗದಲ್ಲಿ ನಿಲ್ಲಿಸಿದ ರಿಸೀವರ್) ಇಟ್ಟುಕೊಂಡರೆ, ಎರಡು ಮೂರು ಸೆಂಟಿಮೀಟರಿನ ಒಳಗೆ ಜಾಗ ಸಿಗುತ್ತದೆ. ಕಾನಿನ ಒಳಗೆ ಹಾಗಲ್ಲ. ಜಿಪಿಎಸ್ ಉಪಗ್ರಹಗಳು 20,000 ಕಿಲೋಮೀಟರಿಗಿಂತ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ಸಂಕೇತ ಮೊದಲೇ ಕ್ಷೀಣ. ಎಲೆ, ರೆಂಬೆ ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ನೆನೆದ ಎಲೆ ಒಣ ಎಲೆಗಿಂತ ಹೆಚ್ಚು ನುಂಗುತ್ತದೆ. ಕಾಂಡಕ್ಕೆ, ಧರೆಗೆ ತಾಗಿ ಸುತ್ತಿಕೊಂಡು ಬರುವ ಸಂಕೇತ ಬೇರೆ. ಅದು ದೂರವನ್ನು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ.

ಆಕಾಶ ಮುಚ್ಚಿದಾಗ ಗಾಡಿ ತನ್ನೊಳಗಿನ ಐಎಂಯು ಎಂಬ ಉಪಕರಣವನ್ನು ನಂಬಿಕೊಳ್ಳುತ್ತದೆ. ಅದು ವೇಗ ಬದಲಾಗುವುದನ್ನು, ಗಾಡಿ ತಿರುಗುವುದನ್ನು ಅಳೆಯುತ್ತದೆ. ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಣಿಸಿ ನಡೆದ ಹಾಗೆ ಅದು. ಸ್ವಲ್ಪ ದೂರ ಸರಿಯಾಗಿರುತ್ತದೆ, ಆಮೇಲೆ ಪಕ್ಕಕ್ಕೆ ಸರಿಯುತ್ತದೆ. ಇದರ ಲೆಕ್ಕ ಹೆದರಿಸುವಂಥದ್ದು. ವೇಗ ಬದಲಾವಣೆಯ ಅಳತೆಯಲ್ಲಿ ಗುರುತ್ವದ ಹತ್ತು ಸಾವಿರದ ಒಂದು ಭಾಗದಷ್ಟು ತಪ್ಪು ಉಳಿದರೂ, ಬೇರೇನೂ ತಿದ್ದದಿದ್ದರೆ, ಒಂದು ನಿಮಿಷದಲ್ಲಿ ಅದು ಸುಮಾರು 1.8 ಮೀಟರ್ ಆಗುತ್ತದೆ. ಹೊತ್ತು ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟು. ಚಕ್ರಕ್ಕೆ ಕಟ್ಟಿದ ಮೀಟರ್ ಇದಕ್ಕೆ ಕಡಿವಾಣ ಹಾಕುತ್ತದೆ. ಮತ್ತೆ ಬಯಲು ಬಂದಾಗ ಜಿಪಿಎಸ್ ಸಿಕ್ಕಿ, ಸಾಫ್ಟ್‌ವೇರ್ ಹಿಂದಿನಿಂದಲೂ ಮುಂದಿನಿಂದಲೂ ಲೆಕ್ಕ ಮಾಡಿ ದಾರಿಯನ್ನು ಸರಿಪಡಿಸುತ್ತದೆ. ಎಷ್ಟೇ ಸರಿಪಡಿಸಿದರೂ ಕಾನಿನ ನಡುಭಾಗದಲ್ಲಿ ತಪ್ಪು ಉಳಿಯುತ್ತದೆ. ಎರಡು ಬಯಲುಗಳಿಂದ ದೂರ ಹೋದಷ್ಟೂ ಹೆಚ್ಚು.

ನಮ್ಮ ರಸ್ತೆಯಲ್ಲಿ ಗಾಡಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋದರೆ ಈ ನೆರಳು ದಾಟಲು ಆರು ನಿಮಿಷ ಬೇಕು. ಅಷ್ಟು ಹೊತ್ತು ಉಪಗ್ರಹದ ಸಂಕೇತ ಅರೆಬರೆ.

ಮೊದಲ ಸಂಶಯ

ವರದಿಯ ನಕ್ಷೆಯನ್ನು ನೋಡುತ್ತಾ ಹೋದಾಗ ಮನೆಗಳಿಂದ ಸ್ವಲ್ಪ ಮುಂದೆ ರಸ್ತೆಯನ್ನು ಗುಡ್ಡದ ನಡುವೆಯೇ ಕಡಿದು ಒಯ್ದ ಜಾಗ ಸಿಕ್ಕಿತು. ಅಲ್ಲಿ ಎರಡೂ ಬದಿಗೆ ಧರೆ. ಎಡಗಡೆಯದು ಕೆಂಪು, ಅಂದರೆ ರಸ್ತೆಯ ಕಡೆಗೆ ಬಂದಿದೆ. ಬಲಗಡೆಯದು ನೀಲಿ, ಅಂದರೆ ಹಿಂದಕ್ಕೆ ಹೋಗಿದೆ. ವರದಿಯಲ್ಲಿ ನೀಲಿಗೆ ಮಣ್ಣು ಸವೆತ ಎಂದು ಬರೆದಿದ್ದರು.

ಎರಡೂ ಬದಿಯ ಅಳತೆ ಒಂದೇ. ದಿಕ್ಕೂ ಒಂದೇ. ಎಡಗಡೆ ಮಣ್ಣು ಒಂದು ಮೊಳ ಮುಂದೆ ಬಂದು, ಬಲಗಡೆ ಅಷ್ಟೇ ಮಣ್ಣು ಸವೆದು ಹೋಗುವುದು ಹೇಗೆ? ಸವೆದ ಮಣ್ಣು ಚರಂಡಿಯಲ್ಲಿ ಬಿದ್ದಿರಬೇಕಲ್ವಾ? ಚರಂಡಿ ಮೊದಲಿನ ಹಾಗೇ ಇತ್ತು. ಇಡೀ ಚಿತ್ರವನ್ನು ಒಂದು ಕಡೆಗೆ ತಳ್ಳಿದರೆ ಮಾತ್ರ ಹೀಗೆ ಕಾಣಲು ಸಾಧ್ಯ.

ಹಾಗಾಗಿ ನಾವು ಧರೆಯನ್ನು ಬದಿಗಿಟ್ಟು, ಜರುಗಲು ಸಾಧ್ಯವೇ ಇಲ್ಲದ ವಸ್ತುಗಳನ್ನು ಹುಡುಕಿದೆವು. ಮೋರಿಯ ಕಲ್ಲುಗೋಡೆಗಳು, ಕಿಲೋಮೀಟರ್ ಕಲ್ಲು, ರಸ್ತೆ ಪಕ್ಕದ ದೊಡ್ಡ ಬಂಡೆ. ವಿದ್ಯುತ್ ಕಂಬಗಳನ್ನು ಬಿಟ್ಟೆವು. ಅವು ಗಾಳಿಗೆ, ಮರ ಬಿದ್ದದ್ದಕ್ಕೆ ವಾಲುತ್ತವೆ. ಎರಡು ಅಳತೆಗಳಲ್ಲೂ ಚೆನ್ನಾಗಿ ಕಾಣುವ ಗಟ್ಟಿ ವಸ್ತುಗಳನ್ನು ಮಾತ್ರ ಆರಿಸಿ, ಒಂದೊಂದೂ ಎಷ್ಟು ಸರಿದಿದೆ ಎಂದು ನೋಡಿದೆವು.

ಬಯಲಿನ ತುದಿಯಲ್ಲಿ ಕಲ್ಲುಗಳು ಸರಿದೇ ಇರಲಿಲ್ಲ. ಕಾನಿನೊಳಗೆ ಹೋದ ಹಾಗೆ ಸರಿತ ನಿಧಾನಕ್ಕೆ ಏರಿತು. ಮನೆಗಳ ತಿರುವಿನ ಹತ್ತಿರ ಅತಿ ಹೆಚ್ಚು. ಅಲ್ಲಿಂದ ಮುಂದೆ ನಿಧಾನಕ್ಕೆ ಇಳಿದು, ಇನ್ನೊಂದು ಬಯಲಿನಲ್ಲಿ ಮತ್ತೆ ಇಲ್ಲವಾಯಿತು. ಮನೆಗಳ ಹತ್ತಿರದ ಮೋರಿಯ ಗೋಡೆ ಕೂಡ ಧರೆಯಷ್ಟೇ, ಧರೆಯ ದಿಕ್ಕಿಗೇ ಸರಿದಿತ್ತು. ಕಲ್ಲು ಕಟ್ಟಿದ ಮೋರಿ ಬಿರುಕೂ ಬಿಡದೆ ಒಂದು ಮೊಳ ಹೋಗುವುದಿಲ್ಲ.

ಬೇರೆ ಕಾರಣಗಳನ್ನೂ ನೋಡಬೇಕಿತ್ತು. ಬೇಸ್ ಸ್ಟೇಷನ್‌ನ ಲೆಕ್ಕ ತಪ್ಪಿದ್ದರೆ ಬಯಲೂ ಸೇರಿ ರಸ್ತೆಯುದ್ದಕ್ಕೂ ಒಂದೇ ಸರಿತ ಇರಬೇಕಿತ್ತು. ಲೇಸರ್ ಯಂತ್ರವನ್ನು ಗಾಡಿಗೆ ಕೂರಿಸಿದ ಕೋನ ತಪ್ಪಿದ್ದರೆ ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಸರಿಯಬೇಕಿತ್ತು. ಎರಡೂ ಆಗಿರಲಿಲ್ಲ. ಎರಡು ಬಯಲುಗಳ ನಡುವೆ ಏರಿ ಇಳಿಯುವ ಸರಿತ ಎಂದರೆ ಅದು ಗಾಡಿಯ ದಾರಿಯ ಲೆಕ್ಕ ಜಾರಿದ್ದರ ಗುರುತು. ಎರಡನೇ ಅಳತೆಯ ದಿನ ಮರಗಳು ನೆನೆದಿದ್ದವು, ಮಳೆಗಾಲದ ಚಿಗುರು ತುಂಬಿತ್ತು. ಉಪಗ್ರಹದ ಸಂಕೇತ ಮೊದಲ ಸಲಕ್ಕಿಂತ ಕಡಿಮೆ ಸಿಕ್ಕಿತ್ತು. ಗಾಡಿ ಹೋದ ದಾರಿಯ ಫೈಲಿನಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಆ ಫೈಲನ್ನು ಕೇಳಿ ತರಿಸಿಕೊಳ್ಳಬೇಕಾಯಿತು. ವರದಿಯ ಜೊತೆ ಬಂದಿದ್ದು ಬಣ್ಣದ ನಕ್ಷೆ ಮಾತ್ರ.

ಎರಡನೆಯ ಮೋಸ: ಹಸಿರು

ಮೇ ತಿಂಗಳ ಕೊನೆಯಲ್ಲಿ ಧರೆ ಬೋಳಾಗಿರುತ್ತದೆ. ಮಳೆಗಾಲ ಮುಗಿಯುವಾಗ ಅದರ ಮೇಲೆ ಜರಿಗಿಡ, ಹುಲ್ಲು, ಬಳ್ಳಿ ದಪ್ಪಗೆ ಬೆಳೆದಿರುತ್ತದೆ. ಲೇಸರ್ ತಾಗುವುದು ಆ ಎಲೆಗೆ. ಮಣ್ಣಿಗೂ ಎಲೆಗೂ ನಡುವೆ ಒಂದು ಗೇಣು ಅಂತರ ಇದ್ದರೆ ಯಂತ್ರ ಧರೆ ಒಂದು ಗೇಣು ಉಬ್ಬಿದೆ ಎನ್ನುತ್ತದೆ.

ಒಂದೇ ಮಿಡಿತದ ಸ್ವಲ್ಪ ಬೆಳಕು ಎಲೆಗೆ ತಾಗಿ, ಉಳಿದದ್ದು ಸಂದಿಯಲ್ಲಿ ತೂರಿ ಮಣ್ಣಿಗೆ ತಾಗಿ ಬರುವುದುಂಟು. ಕೊನೆಗೆ ಬಂದ ಬೆಳಕನ್ನು ಮಾತ್ರ ಆರಿಸಿ, ಮಣ್ಣಿನ ಬಿಂದುಗಳನ್ನು ಎಲೆಯಿಂದ ಬೇರ್ಪಡಿಸಬಹುದು. ಆದರೆ ಹುಲ್ಲು ಒತ್ತಾಗಿದ್ದರೆ ಸಂದಿಯೇ ಇರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಇರುವ ನೆಲ ಹುಡುಕುವ ವಿಧಾನಗಳು ಚಪ್ಪಟೆ ನೆಲಕ್ಕೆ ಮಾಡಿದವು. ನೆಟ್ಟಗೆ ನಿಂತ ಧರೆಯಲ್ಲಿ ಅವು ಎಡವುತ್ತವೆ. ನಾವು ಧರೆಯ ಮುಖವನ್ನೇ ನೆಲ ಎಂದು ತಿರುಗಿಸಿಕೊಂಡು ಬೇರ್ಪಡಿಸಿದೆವು. ಕೆಲವು ಕಡೆ ಕತ್ತಿ ತೆಗೆದುಕೊಂಡು ಹೋಗಿ ಹುಲ್ಲು ಸವರಿ ನೋಡಬೇಕಾಯಿತು. ಧರೆಯನ್ನು ಹೋಲಿಸುವುದಿದ್ದರೆ ಬೋಳು ಕಾಲಕ್ಕೆ ಬೋಳು ಕಾಲವನ್ನೇ ಹೋಲಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಮಾರ್ಚಿನಿಂದ ಇನ್ನೊಂದು ಮಾರ್ಚಿಗೆ. ಮಳೆ ನಿಂತ ಕೂಡಲೇ ನೋಡಲೇಬೇಕಾದರೆ ಹುಲ್ಲು ಸವರಿಸಿಯೇ ಅಳೆಯಬೇಕು.

ಆಕಾಶದಿಂದ ಏನು ಸಿಕ್ಕಿತು

ಉಪಗ್ರಹ ಚಿತ್ರ ನೋಡಿದರೆ ಗೊತ್ತಾಗಲ್ವಾ ಎಂದು ಹಲವರು ಕೇಳಿದರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್. ನಮ್ಮ ಧರೆ ಅದರ ಒಂದು ಚುಕ್ಕಿಗೂ ಸಾಲದು. ಅದೂ ಮರದ ಅಡಿಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಿತ್ರಗಳಲ್ಲಿ ಮೋಡ ಬಿಟ್ಟು ಬೇರೇನೂ ಕಾಣುವುದು ಅಪರೂಪ.

ರೇಡಾರ್ ಉಪಗ್ರಹ ಮೋಡವನ್ನು ದಾಟಿ ನೋಡುತ್ತದೆ. ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಇಂಥ ಸಣ್ಣ ಅಲೆ ಎಲೆಗಳಿಗೇ ತಾಗಿ ವಾಪಸ್ ಹೋಗುತ್ತದೆ. ಎರಡು ದಿನಗಳ ಅಲೆಗಳನ್ನು ಹೋಲಿಸಿ ನೆಲ ಸರಿದದ್ದನ್ನು ಹೇಳುವ ವಿಧಾನ ಬೋಳು ಬಂಡೆಯಲ್ಲಿ, ಪೇಟೆಯ ಕಟ್ಟಡಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಎಲೆ ಅಲ್ಲಾಡುವ ಕಾಡಿನಲ್ಲಿ ಹೋಲಿಕೆಯೇ ಕೂಡುವುದಿಲ್ಲ. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದ ಬಗ್ಗೆ ನನಗೆ ಆಸೆ ಇದೆ. ಅದರಲ್ಲಿ ನಾಸಾದ 24 ಸೆಂಟಿಮೀಟರ್ ಉದ್ದದ ಅಲೆಯ ರೇಡಾರ್, ಜೊತೆಗೆ ಅದಕ್ಕಿಂತ ಸಣ್ಣ ಅಲೆಯ ಇಸ್ರೋದ ಎಸ್-ಬ್ಯಾಂಡ್ ರೇಡಾರ್ ಇದೆ. 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಉದ್ದ ಅಲೆ ಎಲೆಗಳ ನಡುವೆ ಹೆಚ್ಚು ಇಳಿಯುತ್ತದೆ. ದೊಡ್ಡ ಇಳಿಜಾರು ನಿಧಾನಕ್ಕೆ ಜಾರುವುದು ಕಾಡಿನಲ್ಲೂ ಅದಕ್ಕೆ ಸಿಗಬಹುದು. ರಸ್ತೆ ಬದಿಯ ಒಂದು ತುಂಡು ಧರೆ ಮಾತ್ರ ಅದಕ್ಕೂ ಸಣ್ಣದೇ.

ಎತ್ತರದ ನಕ್ಷೆಗಳಲ್ಲೂ ಇದೇ ತೊಡಕು. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ನಕ್ಷೆಯ ಚುಕ್ಕಿ 30 ಮೀಟರ್. ಕಾಡಿರುವಲ್ಲಿ ಅದು ತೋರಿಸುವುದು ನೆಲದ ಎತ್ತರವನ್ನಲ್ಲ, ಹೆಚ್ಚುಕಡಿಮೆ ಮರದ ಎತ್ತರವನ್ನು. ಇಸ್ರೋದ ದೂರಸಂವೇದಿ ಕೇಂದ್ರವಾದ ಹೈದರಾಬಾದಿನ ಎನ್‌ಆರ್‌ಎಸ್‌ಸಿ 2023ರಲ್ಲಿ ದೇಶದ ಭೂಕುಸಿತಗಳ ಅಟ್ಲಾಸ್ ಹೊರತಂದಿತು. 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳು ಅದರಲ್ಲಿವೆ. ದೊಡ್ಡ ಕೆಲಸ ಅದು. ಆದರೆ ಮಲೆನಾಡಿನವರು ದಿನಾ ಕಾಣುವ, ಬಸ್ಸು ನಿಲ್ಲಿಸುವ ಸಣ್ಣ ಧರೆ ಕುಸಿತ ಆಕಾಶದಿಂದ ಕಾಣುವ ಅಳತೆಯದ್ದಲ್ಲ.

ಹಾಗಾದರೆ ಉಪಗ್ರಹ ಚಿತ್ರ ಉಪಯೋಗಕ್ಕೆ ಬರಲಿಲ್ಲವೇ? ಬಂತು, ಬೇರೆ ರೀತಿಯಲ್ಲಿ. ಧರೆಯನ್ನು ಬಿಟ್ಟು ಅದರ ಮೇಲಿನ ಗುಡ್ಡವನ್ನು ನೋಡಿದೆವು. ಎತ್ತರದ ನಕ್ಷೆಯಿಂದ ನೀರು ಗುಡ್ಡದ ಯಾವ ಮಡಿಕೆಯಲ್ಲಿ ಇಳಿದು ಯಾವ ಮೋರಿಗೆ ಬರಬೇಕು ಎಂದು ಬರೆದುಕೊಂಡೆವು. ಬೇಸಿಗೆಯ ಸೆಂಟಿನೆಲ್ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದಾಗ ಗುಡ್ಡದ ಮೇಲೆ, ಮನೆಗಳಿಂದ ಸ್ವಲ್ಪ ದೂರದ ಬಸ್ ನಿಲ್ಲುವ ತಿರುವಿನ ನೇರಕ್ಕೆ, ಮಣ್ಣಿನ ಬಣ್ಣದ ತೆಳು ಗೆರೆ ಹೊಸದಾಗಿ ಕಂಡಿತು. ಆ ಗೆರೆ ನೀರಿನ ಮಡಿಕೆಯನ್ನು ಅಡ್ಡ ಹಾಯುತ್ತಿತ್ತು.

ಮನೆಯವರ ಮಾತು

ಮನೆಯ ಹಿರಿಯಮ್ಮ ನಮ್ಮ ಕೆಲಸವನ್ನು ದಣಪೆಯ ಹತ್ತಿರ ನಿಂತು ನೋಡುತ್ತಿದ್ದರು.

"ನೀವು ನಮ್ಮನೆ ಎದುರಿನ ಧರೆ ಅಳೀತಾ ಇದ್ದೀರಿ. ಅದು ನಾನು ಮದುವೆಯಾಗಿ ಬಂದಾಗಿಂದ ಹಾಗೇ ಇದೆ ತಮ್ಮಾ. ಬಸ್ಸು ನಿಲ್ಲೋ ಜಾಗ ನೋಡಿ ಮೊದಲು" ಎಂದರು.

"ಅಲ್ಲೇನಾಗಿದೆ ಅಮ್ಮಾ?"

"ಅಲ್ಲಿ ಮೋರಿಯಲ್ಲಿ ನೀರೇ ಬರ್ತಿಲ್ಲ. ಇಷ್ಟು ಮಳೆ ಹೊಯ್ದರೂ ಇಲ್ಲ. ಮೇಲೆ ಜೆಸಿಬಿ ದಾರಿ ಮಾಡಿದ ಮೇಲೆ ಹಾಗಾಗಿದ್ದು. ನೀರು ಎಲ್ಲಿ ಹೋಗ್ತದೆ ಹೇಳಿ? ಮಣ್ಣೊಳಗೇ ಹೋಗ್ತದೆ."

ಅವರ ಮಾತನ್ನು ನಾವು ಫೀಲ್ಡ್ ಪುಸ್ತಕದಲ್ಲಿ ಹಾಗೇ ಬರೆದುಕೊಂಡೆವು. ಅಳತೆಯ ಜೊತೆ ಮಾತನ್ನೂ ದಾಖಲೆ ಮಾಡಬೇಕು. ಒಂದು ಜಾಗದ ನೀರನ್ನು ಮೂವತ್ತು ನಲವತ್ತು ಮಳೆಗಾಲ ನೋಡಿದವರ ಬಳಿ ಇರುವ ಮಾಹಿತಿ ಯಾವ ಸೆನ್ಸರ್‌ನಲ್ಲೂ ಇರುವುದಿಲ್ಲ. ವರದಿಯ ನಕ್ಷೆಯಲ್ಲಿ ಬಸ್ ನಿಲ್ಲುವ ತಿರುವು ಹಸಿರಾಗಿತ್ತು. ಬದಲಾವಣೆ ಇಲ್ಲ ಎಂದು ಅದರ ಅರ್ಥ.

ಲೆಕ್ಕ ಸರಿಪಡಿಸಿದ್ದು

ಎರಡೂ ತುದಿಯ ಬಯಲಿನಲ್ಲಿ ಜಿಪಿಎಸ್ ರಿಸೀವರನ್ನು ಗಂಟೆಗಟ್ಟಲೆ ಒಂದೇ ಕಡೆ ನಿಲ್ಲಿಸಿ, ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲದ ಜೊತೆ ಜೋಡಿಸಿದೆವು. ಕಾರ್ಸ್ ಎಂದರೆ ಹಗಲು ರಾತ್ರಿ ಉಪಗ್ರಹ ಸಂಕೇತ ಹಿಡಿಯುವ ಖಾಯಂ ಕೇಂದ್ರಗಳು. ಕರ್ನಾಟಕದಲ್ಲಿ ಇವು ಈಗ ಬಳಕೆಗೆ ಸಿಗುತ್ತವೆ. ಸಣ್ಣ ತಂಡಗಳಿಗೆ ಇದು ದೊಡ್ಡ ಅನುಕೂಲ.

ಬಯಲಿನ ಬಿಂದುಗಳಿಂದ ಶುರು ಮಾಡಿ ಕಾನಿನೊಳಗೆ, ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಅಳೆಯುತ್ತಾ ಹೋದೆವು. ಒಂದು ಬಯಲಿನಿಂದ ಹೊರಟು ಇನ್ನೊಂದು ಬಯಲಿನ ಬಿಂದುವಿಗೆ ಮುಟ್ಟಿಸಿದ್ದರಿಂದ ನಮ್ಮ ಅಳತೆಯ ತಪ್ಪು ಎಷ್ಟೆಂದು ನಮಗೇ ಗೊತ್ತಾಯಿತು. ಟೋಟಲ್ ಸ್ಟೇಷನ್‌ಗೆ ಆಕಾಶ ಬೇಡ, ಬೆಳಕನ್ನು ವಾಪಸ್ ಕಳಿಸುವ ಎದುರಿನ ಪ್ರಿಸಂ ಕಂಡರೆ ಸಾಕು. ತಿರುವು ಜಾಸ್ತಿ ಇರುವುದರಿಂದ ಯಂತ್ರವನ್ನು ಬಹಳ ಸಲ ಎತ್ತಿ ಇಡಬೇಕಾಗುತ್ತದೆ. ಇಂಬಳ (ಜಿಗಣೆ) ಹತ್ತುವುದು ಬೇರೆ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಮೋರಿಯ ಗೋಡೆ, ಬಂಡೆಗಳ ಮೇಲೆ ಕಪ್ಪು ಬಿಳಿ ಗುರುತು ಬಳಿದು ಒಂದೊಂದರ ಜಾಗವನ್ನೂ ಬರೆದೆವು. ಬಯಲಿನಲ್ಲಿ ಇಂಥ ಗುರುತು ದೂರ ದೂರ ಇದ್ದರೂ ನಡೆಯುತ್ತದೆ. ನೆರಳಿನಲ್ಲಿ ನೂರು ಮೀಟರಿಗೆ ಒಂದಾದರೂ ಬೇಕು ಎನ್ನುವುದು ಈ ಕೆಲಸದಿಂದ ನಾವು ಕಂಡುಕೊಂಡ ಲೆಕ್ಕ. ಕೆಲವು ಗುರುತುಗಳನ್ನು ತಿದ್ದುಪಡಿಗೆ ಬಳಸದೆ ಬೇರೆ ಇಟ್ಟೆವು. ಫಲಿತಾಂಶ ಸರಿಯೇ ಎಂದು ಪರೀಕ್ಷಿಸಲು ಅವು ಬೇಕು.

ಆ ಮೋರಿ, ಬಂಡೆಗಳು ಎರಡೂ ಹಳೆಯ ಅಳತೆಗಳಲ್ಲಿ ಮೊದಲೇ ಇದ್ದವಲ್ಲ. ಅವು ಇರಬೇಕಾದ ಜಾಗಕ್ಕೆ ಬರುವ ಹಾಗೆ ಗಾಡಿಯ ದಾರಿಯನ್ನು ಎರಡೂ ಸಲಕ್ಕೆ ಹೊಸದಾಗಿ ಲೆಕ್ಕ ಹಾಕಿದೆವು. ಪರೀಕ್ಷೆಗೆ ಇಟ್ಟ ಗುರುತುಗಳು ಒಂದೆರಡು ಸೆಂಟಿಮೀಟರಿನೊಳಗೆ ಕೂಡಿದವು.

ಮನೆಗಳ ಎದುರಿನ ಕೆಂಪು ಹೋಯಿತು. ಆ ಧರೆ ಜರುಗಿರಲಿಲ್ಲ. ಎರಡೂ ಬದಿಯ ಕಡಿತದ ಕೆಂಪು, ನೀಲಿ ಕೂಡ ಹೋದವು.

ಬಸ್ ನಿಲ್ಲುವ ತಿರುವಿನಲ್ಲಿ ಮಾತ್ರ ಹಸಿರು ಇದ್ದ ಕಡೆ ಹೊಸ ಕೆಂಪು ಬಂತು. ಧರೆಯ ತಲೆ ಸ್ವಲ್ಪ ಕುಸಿದು, ಬುಡ ಅರ್ಧ ಗೇಣಿನಷ್ಟು ರಸ್ತೆಯ ಕಡೆಗೆ ಉಬ್ಬಿತ್ತು. ಮೊದಲ ವರದಿಯಲ್ಲಿ ಇದು ಏಕೆ ಕಾಣಲಿಲ್ಲ? ಗಾಡಿಯ ತಪ್ಪು ಕಾನಿನ ಆ ಭಾಗದಲ್ಲೆಲ್ಲ ಒಂದೇ ದಿಕ್ಕಿಗೆ ಇತ್ತು. ಮನೆಗಳ ಹತ್ತಿರ ಆ ದಿಕ್ಕು ಧರೆಯಿಂದ ರಸ್ತೆಗೆ. ಬಸ್ ತಿರುವಿನಲ್ಲಿ ರಸ್ತೆ ಹೊರಳುವುದರಿಂದ ಅದೇ ದಿಕ್ಕು ರಸ್ತೆಯಿಂದ ಗುಡ್ಡದೊಳಕ್ಕೆ. ಧರೆ ನಿಜವಾಗಿ ಮುಂದೆ ಬಂದಿತ್ತು, ಲೆಕ್ಕ ಅದನ್ನು ಹಿಂದಕ್ಕೆ ತಳ್ಳಿತ್ತು. ಎರಡೂ ಕೂಡಿ ಸೊನ್ನೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಗಂಭೀರ ಎನಿಸಿದ್ದು ಇದೇ. ಗಾಡಿಯ ಲೆಕ್ಕ ಇಲ್ಲದ ಅಪಾಯ ತೋರಿಸಿದರೆ ಯಾರಾದರೂ ಬಂದು ಪರೀಕ್ಷಿಸುತ್ತಾರೆ. ಇರುವ ಅಪಾಯವನ್ನು ಹಸಿರಿನಲ್ಲಿ ಮುಚ್ಚಿದರೆ ಯಾರೂ ಬರುವುದಿಲ್ಲ.

ಸ್ಥಳದಲ್ಲಿ ಕಂಡದ್ದು, ಮಾಡಿದ್ದು

ಬಸ್ ತಿರುವಿನ ಧರೆಯ ತಲೆಗೆ ಹತ್ತಿ ನೋಡಿದೆವು. ಅಂಚಿನಿಂದ ಹಿಂದೆ, ಲಂಟಾನದ ಪೊದೆಯ ಅಡಿಯಲ್ಲಿ, ಬಿಲ್ಲಿನ ಹಾಗೆ ಬಾಗಿದ ಬಿರುಕು ಇತ್ತು. ಉಪಗ್ರಹ ಚಿತ್ರದಲ್ಲಿ ಕಂಡ ಗೆರೆ ಹೊಸ ಜೆಸಿಬಿ ದಾರಿಯೇ. ಅದು ಮಡಿಕೆಯ ನೀರನ್ನು ತಡೆದು ಈ ಧರೆಯ ತಲೆಗೆ ತಿರುಗಿಸಿತ್ತು. ಮೋರಿಯ ಮೇಲುಬಾಯಿ ಮಣ್ಣು, ಸೊಪ್ಪಿನಿಂದ ಮುಚ್ಚಿತ್ತು. ಹಿರಿಯಮ್ಮ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಕೆಲಸ ದೊಡ್ಡದೇನಲ್ಲ. ಜೆಸಿಬಿ ದಾರಿಯ ಅಡಿಗೆ ಪೈಪು ಹಾಕಿ ನೀರನ್ನು ಹಳೆಯ ಮಡಿಕೆಗೆ ಬಿಟ್ಟರು. ಮೋರಿ ತೆರೆದರು. ಬಿರುಕಿಗೆ ಜಿಗುಟು ಮಣ್ಣು ತುಂಬಿ ಬಡಿದರು. ಧರೆಯ ತಲೆಯಿಂದ ಹಿಂದೆ ಅಗಳು ತೋಡಿ ಮಳೆನೀರನ್ನು ಪಕ್ಕಕ್ಕೆ ಹರಿಸಿದರು. ಶಾಲೆ ಮಕ್ಕಳು ಬಸ್ಸಿಗೆ ನಿಲ್ಲುವ ಜಾಗವನ್ನು ಬಯಲಿನ ಕಡೆಗೆ ಬದಲಿಸಿದರು. ಬಿರುಕಿನ ಎರಡೂ ಬದಿಗೆ ಕಬ್ಬಿಣದ ಗೂಟ ಹೊಡೆದೆವು. ಅವುಗಳ ನಡುವಿನ ದೂರವನ್ನು ಮಳೆಗಾಲದಲ್ಲಿ ಟೇಪ್ ಹಿಡಿದು ಬರೆದಿಡಲು ಹಿರಿಯಮ್ಮನ ಮೊಮ್ಮಗ ಒಪ್ಪಿಕೊಂಡ. ಮನೆಗಳವರು ಎಲ್ಲಿಗೂ ಹೋಗಬೇಕಾಗಲಿಲ್ಲ.

ಗುತ್ತಿಗೆಯಲ್ಲಿ ಏನು ಬರೆಯಬೇಕು

ಡ್ರೋನ್ ಹಾರಿಸಬಹುದಿತ್ತಲ್ಲ ಎನ್ನುವ ಮಾತೂ ಬಂತು. ಡ್ರೋನ್ ಫೋಟೋಗಳಿಗೆ ಇಲ್ಲಿ ಕಾಣುವುದು ಮರದ ತಲೆ. ಡ್ರೋನ್‌ಗೆ ಲೈಡಾರ್ ಕಟ್ಟಿದರೆ ಸಂದಿಗಳಲ್ಲಿ ನೆಲ ಸಿಗುತ್ತದೆ, ಗುಡ್ಡದ ಮೇಲಿನ ಮಡಿಕೆಗಳಿಗೆ ಅದು ಬಹಳ ಒಳ್ಳೆಯದು. ಧರೆಯ ನೆಟ್ಟಗಿನ ಮುಖ ಮಾತ್ರ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಗಾಡಿಯ ಅಳತೆ ಬೇಡ ಎಂದು ನಾನು ಹೇಳುವುದಿಲ್ಲ, ಬೇಕೇ ಬೇಕು. 2021ರ ಫೆಬ್ರುವರಿ 15ರ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ ಇಂಥ ಸರ್ವೆಗೆ ಮೊದಲಿನ ಹಾಗೆ ಪೂರ್ವಾನುಮತಿಗಾಗಿ ಅಲೆಯಬೇಕಿಲ್ಲ. ರಸ್ತೆ ಮೇಲಿನ ಮೊಬೈಲ್ ಮ್ಯಾಪಿಂಗ್, ಅಂದರೆ ಗಾಡಿಯಿಂದ ಅಳೆಯುವ ಕೆಲಸವನ್ನು ಭಾರತೀಯ ಸಂಸ್ಥೆಗಳೇ ಮಾಡಬೇಕು ಎಂದೂ ಅದರಲ್ಲಿದೆ. ನಮ್ಮ ಊರಿನ ಹುಡುಗರಿಗೆ ಇದರಲ್ಲಿ ಕೆಲಸವಿದೆ.

ಕೆಲಸ ಕೊಡುವವರು ಕೇಳಬೇಕಾದ್ದನ್ನು ಕೇಳಿದರೆ ಇಂಥ ವರದಿ ಬರುವುದಿಲ್ಲ. ಬಣ್ಣದ ನಕ್ಷೆ ಸಾಲದು. ಗಾಡಿ ಹೋದ ದಾರಿಯ ಫೈಲು, ಎಲ್ಲೆಲ್ಲಿ ಉಪಗ್ರಹ ಸಂಕೇತ ಕಡಿಮೆ ಇತ್ತು ಎನ್ನುವ ಪಟ್ಟಿ, ತಿದ್ದುಪಡಿಗೆ ಬಳಸಿದ ಕಂಟ್ರೋಲ್ ಗುರುತುಗಳ ಜಾಗ, ಪರೀಕ್ಷೆಗೆ ಬೇರೆ ಇಟ್ಟ ಗುರುತುಗಳ ಫಲಿತಾಂಶ, ಇವೆಲ್ಲ ಕೈಗೆ ಬರಬೇಕು. ಹಣ ಕೊಡುವ ಮೊದಲೇ ಬರಬೇಕು. ನೆರಳಿನ ರಸ್ತೆಗೆ ಗುರುತುಗಳು ಎಷ್ಟು ದೂರಕ್ಕೊಂದು ಎಂದು ಗುತ್ತಿಗೆಯಲ್ಲೇ ಬರೆದಿರಬೇಕು. ಬಯಲುಸೀಮೆಯ ಹೆದ್ದಾರಿಗೆ ಬರೆದ ನಿಯಮವನ್ನು ಹಾಗೇ ಎತ್ತಿ ಕಾನಿನ ರಸ್ತೆಗೆ ಹಾಕಿದರೆ ಆಗುವುದಿಲ್ಲ. ಬದಲಾವಣೆಯ ನಕ್ಷೆಯಲ್ಲಿ ಪ್ರತಿ ತುಂಡು ರಸ್ತೆಗೂ ಅಲ್ಲಿನ ಮೋರಿ, ಬಂಡೆ ಎಷ್ಟು ಸರಿದಂತೆ ಕಾಣುತ್ತದೆ ಎಂಬ ಅಂಕಿ ಪಕ್ಕದಲ್ಲೇ ಇರಬೇಕು. ಆ ಅಂಕಿಗಿಂತ ಸಣ್ಣದಾದ ಯಾವ ಜರುಗುವಿಕೆಯನ್ನೂ ಕೆಂಪು ಎಂದೋ ಹಸಿರು ಎಂದೋ ತೀರ್ಮಾನಿಸಬಾರದು. ಅಂಥ ಜಾಗಕ್ಕೆ ಬೂದು ಬಣ್ಣ ಹಚ್ಚಿ, ಹೋಗಿ ನೋಡಬೇಕು ಎಂದು ಬರೆಯಬೇಕು.

ಈ ರಸ್ತೆಯ ಗುರುತುಗಳ ಪಟ್ಟಿಯನ್ನು ಫೋಟೋ ಸಮೇತ ಗ್ರಾಮ ಪಂಚಾಯಿತಿಗೆ ಕೊಟ್ಟಿದ್ದೇವೆ. ಪ್ರತಿ ಬೇಸಿಗೆಯಲ್ಲಿ ಬಣ್ಣ ಮತ್ತೆ ಬಳಿಯಬೇಕು, ಮೋರಿ ರಿಪೇರಿಗೆ ಬರುವವರು ಗುರುತು ಇರುವ ಕಲ್ಲನ್ನು ಒಡೆಯಬಾರದು ಎಂದು ಅದರ ಮೇಲೆ ಬರೆದಿದೆ. ಮುಂದಿನ ಅಳತೆ ಮಾರ್ಚಿನಲ್ಲಿ, ಧರೆ ಬೋಳಾಗಿರುವಾಗ.